ಆ ಕೊಡೆ

ನಮ್ಮತ್ತೆ ಇಂಗ್ಲಿಷಿನಲ್ಲಿ ಮಾಡುತ್ತಿದ್ದದ್ದು ಒಂದೇ ಒಂದು ತಪ್ಪು. ಆದರೆ ಆ ಒಂದನ್ನು ಹತ್ತೊಂಬತ್ತು ವರ್ಷ, ಅದಕ್ಕೆ ಒಂದು ದಿನವೂ ರಜೆ ಕೊಡದೆ, ಮಾಡಿಕೊಂಡು ಬಂದಳು. ನಾನು ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆಯುವವಳು. ಎಂಥೆಂಥ ತಪ್ಪುಗಳ ಮೇಲೂ ಕಣ್ಣು ಮುಚ್ಚಿಕೊಂಡು ಕೆಂಪು ಗೆರೆ ಎಳೆಯುತ್ತೇನೆ. ಅತ್ತೆಯ ತಪ್ಪಿನ ಮೇಲೆ ಎಳೆಯಲು ಮಾತ್ರ ಕೈ ಬರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಅತ್ತೆ ಅಂದರೆ ಅಪ್ಪನ ತಂಗಿ. ಮದುವೆಯಾಗಿರಲಿಲ್ಲ, ನಮ್ಮ ಮನೆಯಲ್ಲೇ ಇದ್ದಳು. ಅವಳಿಗೆ ನಲವತ್ತು ದಾಟಿದ ಮೇಲೆ ಅಮ್ಮ ಆ ವಿಷಯ ಎತ್ತುವುದನ್ನೇ ಬಿಟ್ಟಿದ್ದಳು. ಬಸ್ ನಿಲ್ದಾಣದ ಹಿಂಬದಿಯಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಇಡುವ ಕೋಣೆಯೊಂದಿತ್ತು. ಅದನ್ನು ನೋಡಿಕೊಳ್ಳುವುದು ಅವಳ ಕೆಲಸ. ಕಂಡಕ್ಟರುಗಳು ಅವಳನ್ನು ‘ಮರೆವಿನಮ್ಮ’ ಎಂದು ಕರೆಯುತ್ತಿದ್ದರು. ಅವಳಿಗೆ ಮರೆವು ಎಳ್ಳಷ್ಟೂ ಇರಲಿಲ್ಲ, ಆ ಮಾತು ಬೇರೆ.

ಆ ಕೋಣೆಗೆ ಕಿಟಕಿಗಳು ಎರಡು. ಒಂದು ಜನ ಬಂದು ವಿಚಾರಿಸುವ ಕಿಟಕಿ, ಇನ್ನೊಂದು ಸೂರಿನ ಹತ್ತಿರ, ಬಿಸಿಲಿಗೆ. ಹನ್ನೊಂದರ ಹೊತ್ತಿಗೆ ಬಿಸಿಲು ಒಳಗಿಳಿದು ಕೊಡೆಗಳ ಮೇಲೆ, ಚೀಲಗಳ ಮೇಲೆ, ಜೊತೆ ತಪ್ಪಿದ ಚಪ್ಪಲಿಗಳ ಮೇಲೆ ಒಂದೊಂದಾಗಿ ಕೈಯಾಡಿಸುತ್ತ ಹೋಗಿ, ನಾಲ್ಕರ ಹೊತ್ತಿಗೆ ಗೋಡೆ ಹತ್ತುತ್ತಿತ್ತು. ಹೊರಗೆ ಬಸ್ಸುಗಳ ಗದ್ದಲ ಎಷ್ಟೇ ಇರಲಿ, ಒಳಗೆ ಎಲ್ಲವೂ ನಿದ್ದೆಯಲ್ಲಿರುತ್ತಿತ್ತು. ವಸ್ತುಗಳೂ ಕನಸು ಕಾಣುತ್ತವೆ ಎಂದು ಅತ್ತೆ ನಂಬಿದ್ದಳು. ಕನ್ನಡಕಕ್ಕೆ ಮೂಗಿನ ಕನಸು, ಚೀಲಕ್ಕೆ ಹೆಗಲಿನ ಕನಸು. “ನಿಂಗೆ ಹುಚ್ಚು” ಅಂತ ನಾನು ಅಂದರೆ, “ಹೂಂ, ಇರ್ಲಿ ಬಿಡು” ಅನ್ನುತ್ತಿದ್ದಳು.

ಮೇಜಿನ ಮೇಲೆ ದಪ್ಪ ರಿಜಿಸ್ಟರು. ಎಡಗಡೆಯ ಪುಟದಲ್ಲಿ ಬಂದ ಸಾಮಾನು, ಬಲಗಡೆಯ ಪುಟದಲ್ಲಿ ಕೇಳಿಕೊಂಡು ಬಂದವರು. ಅದನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ನಿಯಮ. ತಪ್ಪು ಹುಟ್ಟಿದ್ದು ಅಲ್ಲಿ. ಅಲ್ಲಲ್ಲ, ಅದಕ್ಕೂ ಹಿಂದೆ, ಅತ್ತೆಯ ಶಾಲೆಯಲ್ಲಿ.

ಇಂಗ್ಲಿಷಿನ ಮೊದಲನೇ ಅಕ್ಷರ ಒಂಟಿಯಾಗಿ ಬಂದಾಗ ಅವಳ ಮೇಷ್ಟ್ರು ಅದನ್ನು ಬಾಯ್ತುಂಬ ಎಳೆದು ಓದುತ್ತಿದ್ದರಂತೆ: ಆ ಕ್ಯಾಟ್, ಆ ಬುಕ್. ಪುಸ್ತಕದಲ್ಲಿ ಬೆಕ್ಕಿನ ಚಿತ್ರ, ಮೇಷ್ಟ್ರ ಬೆರಳು ಅದರ ಮೇಲೆ. ಆ ಬೆಕ್ಕು, ಆ ಪುಸ್ತಕ. ಕನ್ನಡದ ‘ಆ’ ಇಂಗ್ಲಿಷಿನಲ್ಲೂ ಇದೆಯಲ್ಲ ಎಂದು ಏಳು ವರ್ಷದ ಹುಡುಗಿಗೆ ಖುಷಿಯೋ ಖುಷಿ. ಇನ್ನು ‘ದಿ’ ಬಂದದ್ದು ಕೊನೆಯ ಪಾಠದಲ್ಲಿ. ದಿ ಸನ್, ದಿ ಮೂನ್, ದಿ ಸ್ಕೈ. ಸೂರ್ಯ, ಚಂದ್ರ, ಆಕಾಶ. ಇವಕ್ಕೆಲ್ಲ ಯಜಮಾನರೇ ಇಲ್ಲವಲ್ಲ! ಹಾಗಾದರೆ ಯಾರದ್ದೂ ಅಲ್ಲದ್ದಕ್ಕೆ ‘ದಿ’ ಎಂದು ಅವಳೇ ತೀರ್ಮಾನ ಮಾಡಿಕೊಂಡಳು. ತಲೆಬುಡವಿಲ್ಲದ ತೀರ್ಮಾನವೇನಲ್ಲ. ಸರಿಯಾಗಿ ತಲೆಕೆಳಗಾಗಿತ್ತು, ಅಷ್ಟೆ.

ಹೀಗಾಗಿ ರಿಜಿಸ್ಟರಿನಲ್ಲಿ ಯಾರದೆಂದು ಗೊತ್ತಿಲ್ಲದ ಟವೆಲ್ಲು ‘ದಿ ಟವೆಲ್’. ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿಯುವ ನರ್ಸಮ್ಮನ ಚೀಲ ‘ಆ ಬ್ಯಾಗ್’. ವಾರಸುದಾರರು ಇಂಥವರೆಂದು ಗೊತ್ತು, ಹೇಳಿಯೂ ಕಳಿಸಿದೆ, ಅವರಿನ್ನೂ ಬಂದಿಲ್ಲ, ಅಂಥವಕ್ಕೆಲ್ಲ ‘ಆ’. ರಿಜಿಸ್ಟರನ್ನು ಯಾವ ಸಾಹೇಬನೂ ಬಿಚ್ಚಿ ನೋಡುತ್ತಿರಲಿಲ್ಲ. ತಪ್ಪು ಸುಖವಾಗಿತ್ತು.

ಒಂದು ಬುಧವಾರ ಐದನೇ ನಂಬರ್ ಬಸ್ಸಿನಿಂದ ಒಂದು ಕಪ್ಪು ಕೊಡೆ ಬಂತು. ಸೀಳಿದ ಮರದ ಹಿಡಿಗೆ ಸಾಸಿವೆಯಷ್ಟು ಸಣ್ಣ ಹಿತ್ತಾಳೆಯ ಸ್ಕ್ರೂಗಳನ್ನು ಬಿಗಿದು ಜೋಡಿಸಿದ್ದರು. ಅತ್ತೆ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮರುದಿನ ಕಿಟಕಿಯ ಆಚೆ ಒಬ್ಬರು ಬಂದು ನಿಂತರು. ವಾಚ್ ರಿಪೇರಿಯವರು, ಗುರುವಾರ ಅವರ ಅಂಗಡಿಗೆ ರಜೆ. “ಕೊಡೆ ಬಿಟ್ಟೋಗಿದೆ ಮೇಡಂ. ಹಿಡಿಗೆ ವಾಚಿನ ಸ್ಕ್ರೂ ಹಾಕಿದೀನಿ” ಎಂದರು.

ಕೊಡೆ ಮೇಜಿನ ಕೆಳಗೇ ಇತ್ತು. ಅತ್ತೆ ಬಗ್ಗಿಯೂ ಆಗಿತ್ತು. ಅಷ್ಟರಲ್ಲಿ ಅವರು, “ನಿಮ್ಮ ಗಡಿಯಾರ ನಿಂತೋಗಿದ್ಯಲ್ಲ” ಎನ್ನುತ್ತ ಒಳಗೆ ಬಂದು, ಕುರ್ಚಿ ಹತ್ತಿ, ಗೋಡೆಯ ಗಡಿಯಾರವನ್ನು ಕೆಳಗಿಳಿಸಿ, ಕಿವಿಗೆ ಹಿಡಿದುಕೊಂಡರು. ಕಣ್ಣು ಮುಚ್ಚಿಕೊಂಡು ಕೇಳಿದರು. ಬಿಸಿಲು ಆಗ ಅವರ ಕೈಯ ಮೇಲಿತ್ತು. ನಿಂತುಹೋದದ್ದನ್ನು ಇಷ್ಟು ಗಮನವಿಟ್ಟು ಕೇಳುವ ಮನುಷ್ಯನನ್ನು ಅತ್ತೆ ಅಲ್ಲಿಯವರೆಗೆ ನೋಡಿರಲಿಲ್ಲ. ಗಡಿಯಾರ ನಡೆಯತೊಡಗಿತು. ಅವಳ ಬಾಯಿಂದ ಬಂದದ್ದು ಸುಳ್ಳು: “ಕೊಡೆ ಇನ್ನೂ ಬಂದಿಲ್ಲ. ಮುಂದಿನ ವಾರ ಬಂದು ನೋಡಿ.” ಅವರು ಹೋದ ಮೇಲೆ, ಹಿಂದಿನ ದಿನ ‘ದಿ ಅಂಬ್ರೆಲಾ’ ಎಂದು ಬರೆದಿದ್ದನ್ನು ‘ಆ ಅಂಬ್ರೆಲಾ’ ಎಂದು ತಿದ್ದಿದಳು.

ಮುಂದಿನ ಗುರುವಾರ ಅವರು ಬಂದರು. ಅದರ ಮುಂದಿನ ಗುರುವಾರವೂ. ಬಂದು ಕೊಡೆ ಕೇಳುವುದು, ಇಲ್ಲ ಅನ್ನಿಸಿಕೊಳ್ಳುವುದು, ಆಮೇಲೆ ಗಡಿಯಾರಕ್ಕೆ ಕೀ ಕೊಟ್ಟು, ಲೋಕಾಭಿರಾಮ ಮಾತಾಡಿ ಹೋಗುವುದು. ಹೀಗೇ ಒಂದು ವರ್ಷ. ಕೊಡೆ ಕೊಟ್ಟರೆ ಗುರುವಾರ ಮುಗಿಯುತ್ತದೆ, ಕೊಡದಿದ್ದರೆ ತಾನು ಕಳ್ಳಿ. ಅತ್ತೆಗೆ ಅನ್ನ ಸರಿಯಾಗಿ ಇಳಿಯುತ್ತಿರಲಿಲ್ಲ. ಬುಧವಾರ ಮಾತ್ರ ಹಾಡು ಗುನುಗುತ್ತ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಅಮ್ಮ ನನಗೆ ಕಣ್ಸನ್ನೆ ಮಾಡುತ್ತಿದ್ದಳು. ನಾವಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದೆವು.

ಆಗ ಬಂದರು ಹೊಸ ಸಾಹೇಬರು. ಕಿವಿಯ ಮೇಲೆ ಕೆಂಪು ಪೆನ್ಸಿಲ್, ಇಂಗ್ಲಿಷ್ ವ್ಯಾಕರಣವೆಂದರೆ ಪ್ರಾಣ. ರಿಜಿಸ್ಟರನ್ನು ಮೊದಲ ಬಾರಿಗೆ ಓದಿದವರು ಅವರೇ. ಓದಿ ಸೋಮವಾರ ಆದೇಶ ಹೊರಡಿಸಿದರು: ‘ದಿ’ ಇರುವ ಸಾಮಾನು ಇಂಥವರದೇ ಎಂದು ಗೊತ್ತಿರುವಂಥದ್ದು, ಇಲ್ಲೇ ಇರಲಿ. ‘ಎ’, ಅಂದರೆ ಅತ್ತೆಯ ‘ಆ’, ಇರುವುದು ಯಾವುದೋ ಒಂದು, ಶುಕ್ರವಾರ ಬೆಳಿಗ್ಗೆ ಗಾಡಿ ಬರುತ್ತದೆ, ಉಗ್ರಾಣಕ್ಕೆ ಹೋಗಲಿ. ಉಗ್ರಾಣಕ್ಕೆ ಹೋದದ್ದು ವಾಪಸ್ಸು ಬಂದದ್ದೇ ಇಲ್ಲ.

ಬುಧವಾರ ಅತ್ತೆ ಆದೇಶದ ಹಾಳೆ ಹಿಡಿದು ಅವರ ಮುಂದೆ ನಿಂತಳು. “ಸಾರ್, ಯಾವುದೋ ಒಂದು ಅಂದ್ರೆ ದಿ ಅಲ್ವಾ?”

ಸಾಹೇಬರು ಕನ್ನಡಕ ತೆಗೆದರು. ಕೆಟ್ಟ ಮನುಷ್ಯರೇನಲ್ಲ, ಕೂರಿಸಿ ಹೇಳಿಕೊಟ್ಟರು. “ನೋಡಿಯಮ್ಮ. ಒಂದೂರಲ್ಲಿ ಒಬ್ಬ ರಾಜ ಇದ್ದ. ಯಾವ ರಾಜ? ಇನ್ನೂ ಗೊತ್ತಿಲ್ಲ. ಅದಕ್ಕೆ ಎ. ಆ ರಾಜನಿಗೆ ಮೂವರು ಮಕ್ಕಳು. ಈಗ ಗೊತ್ತಾಯ್ತಲ್ಲ ಯಾವ ರಾಜ ಅಂತ? ಅದಕ್ಕೆ ದಿ. ಲೋಕದ ರಾಜರೆಲ್ಲ ಹೀಗೇ ಅನ್ನೋದಾದ್ರೆ ಎರಡೂ ಬೇಡ, ಬರೀ ರಾಜರು ಅಂದ್ರೆ ಸಾಕು.”

“ಮತ್ತೆ ಸೂರ್ಯ ಸಾರ್? ಸೂರ್ಯ ಯಾರದ್ದೂ ಅಲ್ವಲ್ಲ?”

“ಯಾರದು ಅನ್ನೋ ಪ್ರಶ್ನೆ ಅಲ್ಲಮ್ಮ. ಸೂರ್ಯ ಇರೋದೇ ಒಂದು. ಯಾವ ಸೂರ್ಯ ಅಂತ ಯಾರಾದ್ರೂ ಕೇಳ್ತಾರಾ?”

ಅತ್ತೆ ಆದೇಶದ ಹಾಳೆಯನ್ನು ಮಡಚಿದಳು. ಆಮೇಲೆ ಮೆಲ್ಲಗೆ, “ಹಾಗಾದ್ರೆ ನಮ್ಮ ಮೇಷ್ಟ್ರ ಪಾಠ ನಂಬ್ಕೊಂಡು ನಾನು ಎಲ್ಲಾ ಉಲ್ಟಾ ಬರ್ದಿದೀನಿ ಸಾರ್” ಎಂದಳು.

“ಎಷ್ಟು ದಿನದ್ದು?”

“ಹತ್ತೊಂಬತ್ತು ವರ್ಷದ್ದು.”

ಸಾಹೇಬರು ತಲೆಯ ಮೇಲೆ ಕೈಹೊತ್ತು ಕೂತರು. ಕೊನೆಗೆ ಒಂದು ದಾರಿ ಹುಡುಕಿದರು. ಪ್ರತಿ ‘ಆ’ ಸಾಲಿಗೂ ಅತ್ತೆ ಯಾರದೆಂದು ಹೇಳಬೇಕು, ಅವರು ತಿದ್ದಿ ‘ದಿ’ ಮಾಡುತ್ತಾರೆ. ಹೇಳಲಾಗದ್ದು ಗಾಡಿಗೆ. ಅತ್ತೆ ಪಟಪಟನೆ ಹೇಳುತ್ತ ಹೋದಳು: ಇದು ನರ್ಸಮ್ಮನದು, ಇದು ಎರಡನೇ ನಂಬರ್ ಬಸ್ಸಿನ ಅಜ್ಜನದು. ಆಮೇಲೆ ಕೊಡೆಯ ಸಾಲು ಬಂತು. ಹೇಳಿದರೆ, ವಾರಸುದಾರರು ಇಷ್ಟು ಸಲ ಬಂದರೂ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ. ಹೇಳದಿದ್ದರೆ, ಹಿತ್ತಾಳೆಯ ಸ್ಕ್ರೂಗಳ ಸಮೇತ ಕೊಡೆ ಉಗ್ರಾಣಕ್ಕೆ.

“ನಾಳೆ ಹೇಳ್ತೀನಿ ಸಾರ್” ಎಂದಳು.

ಆ ಬುಧವಾರ ಅವಳು ಹಾಡು ಗುನುಗಲಿಲ್ಲ.

ಗುರುವಾರ ಹನ್ನೊಂದೂವರೆಗೆ ಬಿಸಿಲು ಚೀಲಗಳ ಮೇಲಿದ್ದಾಗ, ಸಾಹೇಬರು ಉತ್ತರ ಕೇಳಲು ಬಂದು ರಿಜಿಸ್ಟರಿನ ಬಲಗಡೆಯ ಪುಟ ತಿರುವುತ್ತಿದ್ದರು. ಇದ್ದಕ್ಕಿದ್ದಂತೆ ಅವರ ಹುಬ್ಬು ಮೇಲೇರಿತು. “ಏನಮ್ಮ ಇದು? ಪ್ರತಿ ಗುರುವಾರ ಎ ಮ್ಯಾನ್ ಕೇಮ್. ಯಾರೋ ಒಬ್ಬ ಗಂಡಸು ಬಂದ. ಯಾರೋ ಒಬ್ಬ ಗಂಡಸು ಬಂದ. ಯಾರೋ ಒಬ್ಬ...” ಬೆರಳಿಟ್ಟು ಎಣಿಸಿದರು. “ಐವತ್ತೊಂದು ಜನ! ಐವತ್ತೊಂದು ಗಂಡಸರು ಬಂದು ಒಂದೇ ಕೊಡೆ ಕೇಳಿದ್ರಾ?”

ಅತ್ತೆ ತಲೆಯೆತ್ತಿದಳು. ಕಿಟಕಿಯ ಆಚೆ ವಾಚ್ ರಿಪೇರಿಯವರು ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಇನ್ನು ಓಡಿಹೋಗಲು ಜಾಗವಿರಲಿಲ್ಲ.

“ಯಾರೋ ಒಬ್ರಲ್ಲ ಸಾರ್” ಎಂದಳು. “ನಾನು ಬರ್ದಿದ್ದು, ಆ ಮನುಷ್ಯರು ಬಂದರು ಅಂತ. ಐವತ್ತೊಂದು ಸಲಾನೂ ಅವರೇ. ಇವರೇ.” ಬಗ್ಗಿ ಕೊಡೆಯನ್ನು ಮೇಜಿನ ಮೇಲಿಟ್ಟಳು. “ಇದು ಆ ಕೊಡೆ. ಯಾವುದೋ ಒಂದಲ್ಲ.”

“ಹಾಗಾದ್ರೆ ದಿ ಹಾಕ್ಬೇಕು” ಎಂದರು ಸಾಹೇಬರು, ಅಭ್ಯಾಸಬಲದಿಂದ. ಯಾರೂ ಅವರ ಮಾತಿಗೆ ಕಿವಿಗೊಡಲಿಲ್ಲ.

ವಾಚ್ ರಿಪೇರಿಯವರು ಒಳಗೆ ಬಂದು ಹಿಡಿಯ ಸ್ಕ್ರೂಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಒಂದು ವರ್ಷ ಇಲ್ಲೇ ಇತ್ತಾ?”

“ಇತ್ತು.”

“ಆವತ್ತು ನಾನು ತೊಪ್ಪೆಯಾಗಿ ನೆನೆದು ಬಂದಿದ್ನಲ್ಲ, ಆಗ್ಲೂ?”

“ಆಗ್ಲೂ ಇತ್ತು.” ಅತ್ತೆಯ ಕಣ್ಣು ತುಂಬಿತ್ತು. “ಕೊಟ್ಬಿಟ್ರೆ ನೀವು ಮತ್ತೆ ಬರಲ್ವಲ್ಲ ಅಂತ.”

ಗಡಿಯಾರ ಮಾತ್ರ ನಡೆಯುತ್ತಿತ್ತು. ಅವರು ಅದನ್ನೊಮ್ಮೆ ನೋಡಿದರು, ಬಿಸಿಲಿನಲ್ಲಿ ತೇಲುತ್ತಿದ್ದ ಧೂಳನ್ನು ನೋಡಿದರು. ಬಯ್ಯಲಿಲ್ಲ, ನಗಲೂ ಇಲ್ಲ. “ಎಲ್ಲಿ ಸಹಿ ಮಾಡ್ಬೇಕು?” ಎಂದು ಕೇಳಿದರು. ಅತ್ತೆಗೆ ಎಲ್ಲ ಮುಗಿಯಿತೆನಿಸಿತು. ರಿಜಿಸ್ಟರನ್ನು ಅವರ ಕಡೆ ತಿರುಗಿಸಿ ಜಾಗ ತೋರಿಸಿದಳು. ಅವರು ಕೆಟ್ಟುಹೋದ ವಾಚಿನ ಮೇಲೆ ಬಗ್ಗುವ ಹಾಗೆ ಬಗ್ಗಿ, ಒಂದೊಂದೇ ಅಕ್ಷರ ಬರೆದು, ಕೊಡೆ ತೆಗೆದುಕೊಂಡು ಹೊರಟುಹೋದರು.

ಅತ್ತೆ ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು. ರಿಸೀವ್ಡ್ ಆ ಅಂಬ್ರೆಲಾ ಫ್ರಮ್ ಆ ವುಮನ್.

ಸಾಹೇಬರೂ ಅವಳ ಭುಜದ ಮೇಲಿಂದ ಓದಿದರು. “ಅಯ್ಯೋ, ಇವರೂ ನಿಮ್ಮ ಮೇಷ್ಟ್ರ ಶಿಷ್ಯರೇನಮ್ಮ? ಒಂದು ಸಾಲಲ್ಲಿ ಎರಡು ತಪ್ಪು!” ಕಿವಿಯ ಮೇಲಿನ ಕೆಂಪು ಪೆನ್ಸಿಲ್ ಇಳಿಯಿತು. ಅತ್ತೆ ಆ ಸಾಲಿನ ಮೇಲೆ ಅಂಗೈ ಇಟ್ಟಳು.

“ಇದು ಸರಿಯಾಗಿದೆ ಸಾರ್” ಎಂದಳು.

ಆ ರಿಜಿಸ್ಟರು ಈಗ ನನ್ನ ಹತ್ತಿರ ಇದೆ. ಮರುವಾರದ ಗುರುವಾರ ವಾಚ್ ರಿಪೇರಿಯವರು ಕಳೆದುಕೊಂಡದ್ದು ಏನೂ ಇರಲಿಲ್ಲ, ಹೊರಗೆ ಮಳೆಯೂ ಇರಲಿಲ್ಲ. ಆದರೂ ಬಲಗಡೆಯ ಪುಟದಲ್ಲಿ ಆ ದಿನಕ್ಕೂ ಒಂದು ಸಾಲು ಇದೆ. ಸೂರ್ಯನ ಪಾಠವನ್ನು ಅತ್ತೆ ಚೆನ್ನಾಗಿಯೇ ಕಲಿತಿದ್ದಳು. ದಿ ಮ್ಯಾನ್ ಕೇಮ್ ಎಂದು ಬರೆದಿದ್ದಾಳೆ.