ಮೂರನೆಯ ಕಳ್ಳ

ನಮ್ಮಪ್ಪ ದರ್ಜಿ. ಶಿಗ್ಗಾಂವಿಯಿಂದ ಹಾನಗಲ್ಲಿಗೆ ಹೋಗುವ ದಾರಿಯ ಒಂದು ಊರಿನಲ್ಲಿ ಅವನ ಅಂಗಡಿ ಇತ್ತು. ಊರಿನ ಹೆಸರು ಹೇಳುವುದಿಲ್ಲ. ಯಾರ ಮೇಲಿನ ಮರ್ಯಾದೆಗೂ ಅಲ್ಲ; ಹೇಳಿದರೆ ಅಲ್ಲಿಂದ ನಾಲ್ಕು ಮಂದಿ ಬಂದು, “ನಮ್ಮ ಮುತ್ಯಾ ಅಂಥಾವ ಅಲ್ರೀ” ಎಂದು ನನಗೇ ಬುದ್ಧಿ ಹೇಳಿಹೋಗುತ್ತಾರೆ. ಅದನ್ನು ಕೇಳುವ ತಾಳ್ಮೆ ಈ ವಯಸ್ಸಿನಲ್ಲಿ ನನಗಿಲ್ಲ.

ಊರಲ್ಲಿ ಸಣ್ಣದೊಂದು ಪೊಲೀಸ್ ಠಾಣೆ. ಒಬ್ಬ ಹವಾಲ್ದಾರ, ನಾಲ್ವರು ಸಿಪಾಯಿಗಳು. ಅವರ ಖಾಕಿ ಬಟ್ಟೆ ಹೊಲಿಯುತ್ತಿದ್ದವನು ಅಪ್ಪನೇ. ಹವಾಲ್ದಾರನಂತೂ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅವ್ವ ಕೊಟ್ಟ ಮಜ್ಜಿಗೆ ಕುಡಿಯದ ದಿನವಿರಲಿಲ್ಲ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಈಗ ನೆನೆದರೆ ಬಾಯಿ ಕಹಿಯಾಗುತ್ತದೆ.

ಮೂವತ್ತರ ದಶಕ ಮುಗಿಯುತ್ತ ಬಂದ ಕಾಲ. ಹಿರೇಕೆರೂರಿನ ಕಡೆಯಿಂದ ಕದ್ದ ದನ ಹೊಡೆದುಕೊಂಡು ಬರುತ್ತಿದ್ದ ಮೂವರನ್ನು ಠಾಣೆಯವರು ಹಿಡಿದರು. ಕಳ್ಳರ ಸಮೇತ ಫೋಟೋ ತೆಗೆಸಿ ಕಳಿಸಿ ಎಂದು ಮೇಲಿನ ಸಾಹೇಬನ ಹುಕುಂ ಬಂತು. ಸವಣೂರಿನಿಂದ ಫೋಟೋದವನನ್ನು ಕರೆಸಿದರು. ಅಪ್ಪ ಎರಡು ದಿನ ಮಶೀನು ಬಿಟ್ಟೇಳದೆ ಠಾಣೆಯವರಿಗೆಲ್ಲ ಹೊಸ ಖಾಕಿ ಚಡ್ಡಿ ಹೊಲಿದ. ಅವನ್ನು ಕೊಡಲು ಠಾಣೆಗೆ ಹೋದರೆ ಕಳ್ಳರು ಇಬ್ಬರೇ ಇದ್ದರು. ಮೂರನೆಯವನು ಬೆಳಿಗ್ಗೆ ಚರಿಗೆ ಹಿಡಿದು ಬಯಲಿಗೆ ಹೋದವನು ಹಾಗೇ ಪರಾರಿಯಾಗಿದ್ದ.

“ಸಾಹೇಬ್ರಿಗೆ ಮೂರು ಮಂದಿ ಅಂತ ಬರದ ಕಳಿಸೇವಿ. ಇಬ್ಬರನ್ನ ತೋರಿಸಿದ್ರ ನನ್ನ ನೌಕರಿ ಹೋಗತೈತಿ. ಒಂದು ಗಳಿಗಿ ನೀ ಕುಂದ್ರಪಾ,” ಎಂದ ಹವಾಲ್ದಾರ.

“ನಾ ಹೆಂಗ ಕುಂದ್ರಲ್ರೀ, ಹವಾಲ್ದಾರ್ರ?”

“ಫೋಟೋದಾಗ ನಿನ್ನ ಯಾರು ಗುರ್ತು ಹಿಡಿತಾರ? ಸುಮ್ಮ ಕುಂದ್ರು.”

ಅಪ್ಪನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಅಳತೆ ಕೊಟ್ಟವರೆಲ್ಲ ನಮ್ಮವರು ಎಂದು ತಿಳಿದ ಮನುಷ್ಯ. ಹೋಗಿ ಕಳ್ಳರ ಸಾಲಿನಲ್ಲಿ ಕೂತ. ಕೈಗೆ ಹಗ್ಗ ಸುತ್ತಿದರು. ಕಳ್ಳನ ತಲೆಗೆ ಇಷ್ಟು ಚೆಂದದ ರುಮಾಲು ಎಲ್ಲಿಂದ ಬಂತೆಂದು ಅದನ್ನೂ ಬಿಚ್ಚಿಸಿದರು. ನಮ್ಮ ಕಡೆ ಆಗೆಲ್ಲ ಗಂಡಸು ನಾಲ್ಕು ಮಂದಿಯ ಎದುರು ಬರಿದಲೆಯಲ್ಲಿ ಕೂರುತ್ತಿದ್ದುದು ಮನೆಯಲ್ಲಿ ಹೆಣ ಬಿದ್ದಾಗ ಮಾತ್ರ. ಅಪ್ಪ ನಗುತ್ತಲೇ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಅವ್ವ ಸಿಡಿದೆದ್ದಳು.

“ಬರೇ ತಲೀಲೆ ಕುಂತಿದ್ರೀ? ಮನ್ಯಾಗ ಯಾರು ಸತ್ತಾರ?”

“ಹೋಗ್ಲಿ ಬಿಡ. ಪಾಪ, ಅವನ ನೌಕರಿ ಉಳೀತು.”

ಫೋಟೋದ ಒಂದು ಪ್ರತಿಗೆ ಕಟ್ಟು ಹಾಕಿಸಿ ಠಾಣೆಯ ಗೋಡೆಗೂ ತೂಗುಹಾಕಿದರು. ಒಬ್ಬೊಬ್ಬರ ಕೆಳಗೂ ಹೆಸರು. ಅಪ್ಪನ ಕೆಳಗೆ ಓಡಿಹೋದ ಕಳ್ಳನ ಹೆಸರು. ವಾರ ಬಿಟ್ಟು, ಮೂರನೆಯ ಆಸಾಮಿ ಪರಾರಿ ಎಂದು ಹವಾಲ್ದಾರ ಬೇರೊಂದು ರಿಪೋರ್ಟು ಬರೆದು ಕೈ ತೊಳೆದುಕೊಂಡ.

ಮರುವರ್ಷ ಹವಾಲ್ದಾರನ ಮೇಲಧಿಕಾರಿ, ಹೊಸ ಫೌಜದಾರ, ಠಾಣೆ ನೋಡಲು ಬಂದ. ಕೋಟು ಹೊಲಿಸಬೇಕೆಂದು ಅವನೇ ಅಪ್ಪನನ್ನು ಕರೆಸಿದ್ದು. ಅಪ್ಪ ಟೇಪು ಹಿಡಿದು ಅವನ ಎದೆಯಳತೆ ತೆಗೆಯುತ್ತಿದ್ದಾಗ ಅವನು ಗೋಡೆ ನೋಡಿದ, ಅಪ್ಪನ ಮುಖ ನೋಡಿದ, ಮತ್ತೆ ಗೋಡೆ ನೋಡಿದ. ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿ, “ಹವಾಲ್ದಾರ್ರನ್ನ ಕೇಳ್ರಿ” ಎಂದ.

“ನಾ ಹಂಗ್ಯಾಕ ಮಾಡ್ಲಿರೀ, ಸಾಹೇಬ್ರ?” ಎಂದ ನಮ್ಮ ಮಜ್ಜಿಗೆ ಕುಡಿದವನು. ಅಪ್ಪ ಹೊಲಿದ ಚಡ್ಡಿ ತೊಟ್ಟ ನಾಲ್ವರು ಸಿಪಾಯಿಗಳೂ ನೆಲ ನೋಡಿದರು.

ಊರ ಹಿರಿಯರು ಹೋಗಿ, ಇವನು ಇಲ್ಲೇ ಹುಟ್ಟಿದ ದರ್ಜಿ ಎಂದು ಹೇಳಿದ್ದಕ್ಕೆ ಜೈಲು ತಪ್ಪಿತು. ಆದರೆ ಫೌಜದಾರ, “ಹೆಸರು ಬ್ಯಾರೆ ಇರಬಹುದು, ಮುಖ ಅದ ಐತಿ” ಎಂದು ಅಪ್ಪನನ್ನು ಬದ್ಮಾಷರ ಪಟ್ಟಿಗೆ ಸೇರಿಸಿದ. ದಿನಾ ಸಂಜೆ ಠಾಣೆಗೆ ಹೋಗಿ ಹಾಜರಿ ಹಾಕಬೇಕು. ಸುತ್ತಲ ಹಳ್ಳಿಯಲ್ಲಿ ಒಂದು ಕೋಳಿ ಕಳುವಾದರೂ ಮೊದಲು ಅಪ್ಪನನ್ನು ಎಳೆದೊಯ್ಯುತ್ತಿದ್ದರು. ಬಟ್ಟೆ ಕೊಡುವವರು ಒಬ್ಬೊಬ್ಬರಾಗಿ ಸರಿದುಕೊಂಡರು. ಹಾನಗಲ್ಲಿನಲ್ಲಿ ನನಗೆ ಗೊತ್ತುಮಾಡಿದ್ದ ಗಂಡಿನ ಕಡೆಯವರು ಬಂದು ಬಹಳ ನಯವಾಗಿ ಹೇಳಿದರು: “ಹುಡುಗಿ ಛಲೋ ಅದಾಳ್ರಿ. ಆದ್ರ ಬೀಗರು ದಿನಾ ಠಾಣೇಕ್ಕ ಹೋಗ್ತಾರಂದ್ರ ಮಂದಿ ಏನಂತಾರ?” ಆಮೇಲೆ ನನ್ನನ್ನು ಹೆಂಡತಿ ಸತ್ತವನೊಬ್ಬನಿಗೆ ಕೊಟ್ಟರು. ಅದರ ಕಥೆ ಬೇಡ.

ನಲವತ್ತೆರಡರ ಚಳವಳಿಯಲ್ಲಿ ಅಲ್ಲಲ್ಲಿ ಚಾವಡಿಗಳ ದಫ್ತರ ಸುಡುತ್ತಿದ್ದಾರೆಂಬ ಸುದ್ದಿ ಬಂತು. ನಾನು ತವರಿಗೆ ಹೋಗಿದ್ದೆ. ಅಪ್ಪ ಮೆಲ್ಲಗೆ ಕೇಳಿದ, “ನಮ್ಮ ಠಾಣೇಕ್ಕೂ ಬರ್ತಾರೇನ?” ಅವನ ಕಣ್ಣಿನಲ್ಲಿ ಅಷ್ಟು ಆಸೆಯನ್ನು ನಾನು ಬೇರೆಂದೂ ಕಂಡಿರಲಿಲ್ಲ. ನಮ್ಮ ಠಾಣೆಗೆ ಯಾರೂ ಬರಲಿಲ್ಲ. ಸ್ವಾತಂತ್ರ್ಯ ಬಂದ ದಿನ ಊರವರೆಲ್ಲ ಪೇಢೆ ತಿಂದರು. ಅಪ್ಪನೂ ತಿಂದು, ಸಂಜೆ ಹಾಜರಿಗೆ ಹೋದ. ಸರ್ಕಾರ ಬದಲಾಯಿತು, ಪಟ್ಟಿ ಬದಲಾಗಲಿಲ್ಲ. ಮರುವರ್ಷ ಅವನು ತೀರಿಕೊಂಡ.

ನಾನು ಮುದುಕಿಯಾದ ಮೇಲೆ, ಪೊಲೀಸರ ಹಳೆಯ ಫೋಟೋ, ದಫ್ತರಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆಂದು ಕೇಳಿ ಪಟ್ಟಣಕ್ಕೆ ಹೋದೆ. ಗೋಡೆಯ ಮೇಲೆ ಅದೇ ಫೋಟೋ. ಹವಾಲ್ದಾರ ಮೀಸೆ ತಿರುವಿ ನಿಂತಿದ್ದಾನೆ. ಅವನ ಕಾಲ ಬಳಿ ಅಪ್ಪ, ಬರಿದಲೆಯಲ್ಲಿ, ಇನ್ನೇನು ನಕ್ಕುಬಿಡುವಂತೆ ಕೂತಿದ್ದಾನೆ. ಕೆಳಗೆ ಆ ಕಳ್ಳನ ಹೆಸರು, ಈಗ ಅಚ್ಚಿನ ಅಕ್ಷರದಲ್ಲಿ. ಜನ ನಿಂತು ಓದಿ ಮುಂದೆ ಹೋಗುತ್ತಿದ್ದರು. ನನಗೆ ಸಿಟ್ಟು ತಡೆಯಲಿಲ್ಲ. ಅಲ್ಲಿದ್ದ ತರುಣ ಅಧಿಕಾರಿಯ ಎದುರು ಎಲ್ಲವನ್ನೂ ಹೇಳಿದೆ. ಅವನು ಒಳ್ಳೆಯವನು, ಕುರ್ಚಿ ಹಾಕಿಸಿ ಪೂರ್ತಿ ಕೇಳಿದ.

“ನೀವು ಹೇಳೂದು ಖರೇನ ಇರಬಹುದ್ರಿ ಅಜ್ಜಿ. ಆದ್ರ ತಿದ್ದಾಕ ಪುರಾವೆ ಬೇಕಲ್ರೀ. ನಿಮ್ಮಪ್ಪಾರ ಹೆಸರಿರೂ ಬ್ಯಾರೆ ಒಂದು ಫೋಟೋ ತರ್ರಿ. ಎರಡೂ ಜೋಡಿಸಿ ನೋಡಿ ಹೆಸರು ತಿದ್ದತೇವಿ.”

ಬೇರೆ ಫೋಟೋ ಎಲ್ಲಿಂದ ತರಲಿ? ಅಪ್ಪ ಜನ್ಮದಲ್ಲಿ ಒಮ್ಮೆಯೇ ಫೋಟೋಕ್ಕೆ ಕೂತದ್ದು. ಅವನ ಮುಖ ನನಗೂ ಮಸುಕಾಗತೊಡಗಿತ್ತು. ಹಾಗಾದರೆ ಇದರದೇ ಒಂದು ಪ್ರತಿ ಕೊಡಪ್ಪಾ ಎಂದೆ. ಆಗಲಿ ಎಂದು ಅರ್ಜಿಯ ಹಾಳೆ ಮುಂದಿಟ್ಟ. ಯಾರ ಫೋಟೋ ಬೇಕು ಎಂದು ಅದರಲ್ಲಿ ಬರೆಯಬೇಕಿತ್ತು. ದಫ್ತರದಲ್ಲಿ ಇದ್ದ ಹಾಗೆಯೇ ಬರೆಯಿರಿ, ಇಲ್ಲದಿದ್ದರೆ ಸಿಗುವುದಿಲ್ಲ ಎಂದ. ಪೆನ್ನು ತೆಗೆದುಕೊಂಡೆ. ನನ್ನ ಕೈಯಾರೆ ಆ ಕಳ್ಳನ ಹೆಸರು ಬರೆದುಕೊಟ್ಟೆ.