ರೂಸ್ಕಾ ಹೆಣೆದ ನಿಂತ ಕೊಕ್ಕರೆಗಳು

ರೂಸ್ಕಾ ಕೂತದ್ದನ್ನು ನಮ್ಮ ಬೀದಿಯಲ್ಲಿ ಕಂಡವರಿಲ್ಲ. ಊಟವನ್ನೂ ಒಲೆಯ ಪಕ್ಕ ತಟ್ಟೆ ಹಿಡಿದು ನಿಂತೇ ಮುಗಿಸುತ್ತಾಳೆ. ಇಗರ್ಜಿಯಲ್ಲಿ ಮುದುಕಿಯರಿಗೆಂದು ಗೋಡೆ ಪಕ್ಕ ಬೆಂಚು ಹಾಕಿದ್ದಾರೆ, ಆಕೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಮನೆಯ ಗೇಟಿನ ಬಳಿ ಗಂಡ ಕಟ್ಟಿಕೊಟ್ಟ ಮರದ ಬೆಂಚಿದೆ. ಬೀದಿಯ ಹೆಂಗಸರೆಲ್ಲ ಸಂಜೆ ಅಲ್ಲಿ ಕೂತು ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತ ಊರಿನವರ ಮಾನ ಹರಾಜು ಹಾಕುತ್ತಿದ್ದರೆ, ಬೆಂಚಿನ ಒಡತಿ ಅವರ ಮುಂದೆ ಶತಪಥ ಹಾಕುತ್ತ ಕ್ರೋಶಾ ಕಡ್ಡಿ ಆಡಿಸುತ್ತಿರುತ್ತಾಳೆ. ದಾರದ ಉಂಡೆ ಏಪ್ರನ್ನಿನ ಜೇಬಿನಲ್ಲಿ ತನ್ನಷ್ಟಕ್ಕೆ ಉರುಳುತ್ತಿರುತ್ತದೆ.

ಇದಕ್ಕೆ ಕಾರಣ ಪಟ್ಟಣದ ನೂಲಿನ ಗಿರಣಿ. ಹುಡುಗಿಯಾಗಿದ್ದಾಗ ಅಲ್ಲಿಗೆ ಸೇರಿದವಳು ಯಂತ್ರಗಳ ಸಾಲಿನ ನಡುವೆ ಓಡಾಡುತ್ತ, ಹರಿದ ಎಳೆಗೆ ಗಂಟು ಹಾಕುತ್ತ ಯೌವನ ಕಳೆದಳು. ಗಿರಣಿಗೆ ಬೀಗ ಬಿದ್ದು ಎಷ್ಟೋ ಕಾಲವಾಯಿತು, ಆಕೆಯ ಕಾಲುಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಗಿರಣಿ ಹೋದ ಮೇಲೆ ಕೈಗೆ ಬಂದದ್ದು ಮಾರ್ತೆನಿತ್ಸ. ಮಾರ್ಚ್ ಒಂದರಂದು ನಾವೆಲ್ಲ ಒಬ್ಬರ ಕೈಗೊಬ್ಬರು ಕಟ್ಟುವ ಕೆಂಪು-ಬಿಳಿ ದಾರದ ಪಟ್ಟಿ ಅದು. ಕಟ್ಟಿದ ಮೇಲೆ ವರ್ಷದ ಮೊದಲ ಕೊಕ್ಕರೆ ಕಣ್ಣಿಗೆ ಬೀಳುವವರೆಗೆ ಬಿಚ್ಚುವಂತಿಲ್ಲ. ಕಂಡ ಮೇಲೆ ಬಿಚ್ಚಿ ಹಣ್ಣಿನ ಮರಕ್ಕೆ ಕಟ್ಟಬೇಕು. ಬೇರೆಯವರು ಬರೀ ದಾರ ಹೊಸೆದು ಕೈ ತೊಳೆದುಕೊಂಡರೆ ರೂಸ್ಕಾ ಪಟ್ಟಿಯ ಮೇಲೆ ಜೀವಜಂತುಗಳನ್ನೇ ಹೆಣೆಯುತ್ತಾಳೆ. ಅವಳ ಕಪ್ಪೆ ಕೆಂಪು, ಅವಳ ಮುಳ್ಳುಹಂದಿ ಬಿಳಿ. ಬೇರೆ ಬಣ್ಣಕ್ಕೆ ಅಲ್ಲಿ ಜಾಗವಿಲ್ಲ. ಅದರಲ್ಲೂ ಕಪ್ಪು ದಾರ ಅಂದರೆ ಸಾವಿನ ಮನೆಯ ದಾರ, ಮಾರ್ತೆನಿತ್ಸಕ್ಕೆ ಅದು ಸೋಕಲೂಬಾರದು.

ಪೇಟೆಯವರು ಹುಡುಕಿಕೊಂಡು ಬರುವುದು ಅವಳ ಕೊಕ್ಕರೆಗೆ. ಬಿಳಿ ಮೈ, ಕೆಂಪು ಕೊಕ್ಕು, ಒಂಟಿ ಕೆಂಪು ಕಾಲು. ಅವಳ ಕೊಕ್ಕರೆಗಳೆಲ್ಲ ನಿಂತವು, ಒಂದೂ ಹಾರುವುದಿಲ್ಲ. ನಮ್ಮ ಕೊಕ್ಕರೆ ರೆಕ್ಕೆ ಬಿಚ್ಚಿತೆಂದರೆ ಅಂಚಿನುದ್ದಕ್ಕೂ ಕಪ್ಪು ಗರಿ ಕಾಣುತ್ತದೆ. ರೆಕ್ಕೆ ಮಡಚಿ ನಿಲ್ಲಿಸಿಬಿಟ್ಟರೆ ಕಪ್ಪು ಹಿಂದೆ ಒಂದಿಷ್ಟೇ, ಬಿಟ್ಟರೂ ಯಾರೂ ಕೇಳುವುದಿಲ್ಲ. ಕಸುಬಿನವರ ಜಾಣತನ ಇದು, ಇದರಿಂದಲೇ ಕೊನೆಗೆ ಅವಳ ತಲೆ ಕೆಟ್ಟದ್ದು.

ಅವಳ ಗಂಡ ಗಾಂಚೊ ವಿದ್ಯುತ್ ಇಲಾಖೆಯ ಲೈನ್‌ಮನ್ ಆಗಿದ್ದವನು. ಗಾಳಿಮಳೆಯಲ್ಲೂ ಕಂಬ ಹತ್ತಿ ಇಳಿದವನು, ಒಮ್ಮೆಯೂ ಜಾರಿದವನಲ್ಲ. ಅಂಥವನು ಈ ಚಳಿಗಾಲದಲ್ಲಿ ಒಲೆಗೆ ಸೌದೆ ತರಲು ಹೋಗಿ ತನ್ನದೇ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಪ್ಲೊವ್ದಿವ್‌ನ ಆಸ್ಪತ್ರೆಯಲ್ಲಿ ಕಬ್ಬಿಣ ಹಾಕಿ ಕೂಡಿಸಿದರು. ಡಾಕ್ಟರು ರೂಸ್ಕಾಳನ್ನು ಪಕ್ಕಕ್ಕೆ ಕರೆದು, ಮೂಳೆ ಕೂಡಿದೆ, ಇನ್ನು ಇವರು ನಡೆಯಬೇಕು, ಈ ವಸಂತದಲ್ಲಿ ನಡೆಯದಿದ್ದರೆ ಆಮೇಲೆ ಕಾಲು ಮಾತು ಕೇಳುವುದಿಲ್ಲ ಎಂದು ಹೇಳಿ ಕಳಿಸಿದರು.

ಗಾಂಚೊ ನಡೆಯಲಿಲ್ಲ. ನೋವಿಗಿಂತ ಅವಮಾನ ದೊಡ್ಡದಾಗಿತ್ತು ಅವನಿಗೆ. ಹಾಸಿಗೆಯಿಂದ ಕಿಟಕಿ ಪಕ್ಕದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ ಹೆಂಡತಿಯ ಹೆಗಲು ಹಿಡಿದು ಸಾಗುವುದಷ್ಟೇ. ಆಸ್ಪತ್ರೆಯವರು ಕೊಟ್ಟ ವಾಕರ್ ಮೇಲೆ ಅವನ ಹಳೇ ಜಾಕೆಟ್ ನೇತುಬಿದ್ದಿತ್ತು.

"ಜಾಕೆಟ್‌ಗೆ ಒಳ್ಳೇ ಗೂಟ ಕೊಟ್ಟಿದಾರೆ," ಅನ್ನುತ್ತಿದ್ದ.

ಮಾರ್ಚ್ ಒಂದರ ಬೆಳಿಗ್ಗೆ ರೂಸ್ಕಾ ಅವನ ಕೈಗೆ ಪಟ್ಟಿ ಕಟ್ಟಿ, "ಆರೋಗ್ಯವಾಗಿರು, ಗಟ್ಟಿಯಾಗಿರು," ಅಂದಳು. ಗಾಂಚೊ ಮಣಿಕಟ್ಟು ತಿರುಗಿಸಿ ನೋಡಿದ.

"ನಿಂತಿದೆಯಲ್ಲೇ ಇದು."

"ನಾನು ಹೆಣೆಯೋದೇ ಹಾಗೆ. ಇಷ್ಟು ವರ್ಷ ಕಣ್ಣಿಗೆ ಬೀಳಲಿಲ್ವಾ?"

"ಇಷ್ಟು ವರ್ಷ ನನಗೆ ಕಾಲಿತ್ತು." ಅವನು ಕಿಟಕಿಯಾಚೆ ಬೆರಳು ತೋರಿಸಿದ. "ಸರಿ ಹಾಗಾದ್ರೆ. ಹಾರ್ತಿರೋ ಕೊಕ್ಕರೆ ಮೊದಲು ಕಾಣಿಸ್ಲಿ, ನಡೀತೀನಿ. ನಿಂತಿರೋದು ಕಾಣಿಸ್ತೋ, ಇಲ್ಲೇ ಕೂತಿರ್ತೀನಿ. ಆಮೇಲೆ ನಡಿ ನಡಿ ಅಂತ ನನ್ನ ಜೀವ ತಿನ್ನಬಾರದು ನೀನು."

ರೂಸ್ಕಾ ಅವನ ಬೆರಳು ಹೋದ ಕಡೆ ನೋಡಿದಳು. ಹಾರುವ ಕೊಕ್ಕರೆ ಮೊದಲು ಕಂಡರೆ ವರ್ಷವಿಡೀ ಕಾಲು ಚುರುಕು, ನಿಂತದ್ದು ಕಂಡರೆ ಕೂತಲ್ಲೇ ವಾಸ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬೇರೆಯವರು ಅದನ್ನು ನಗುತ್ತ ಹೇಳುತ್ತಾರೆ. ಗಾಂಚೊ ಹಾಗಲ್ಲ, ಒಂದು ಮಾತು ಆಡಿದನೆಂದರೆ ಮುಗಿಯಿತು. ಹಿಂದೊಮ್ಮೆ ಬೇಲಿಯ ಜಗಳದಲ್ಲಿ ತಮ್ಮನ ಜತೆ ಮಾತು ಬಿಟ್ಟವನು ತಮ್ಮನ ಮಗಳ ಮದುವೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಇನ್ನು ಆ ಕಿಟಕಿಯಿಂದ ಕಾಣುವುದೇನು? ಎದುರುಮನೆ ಯೊವ್ಕಾಳ ಹೆಂಚು, ಒಂದು ಅಕ್ರೋಟಿನ ಮರ, ನಟ್ಟ ನಡುವೆ ವಿದ್ಯುತ್ ಕಂಬ. ಕಂಬದ ತುದಿಯಲ್ಲಿ ಕೊಕ್ಕರೆ ಗೂಡು ಕಟ್ಟಲೆಂದು ಕಬ್ಬಿಣದ ಬುಟ್ಟಿ. ಅದನ್ನು ಹಾಕಿದವನೂ ಗಾಂಚೊನೇ. ಆ ಕುರ್ಚಿಯಲ್ಲಿ ಕೂತವನಿಗೆ ಕೊಕ್ಕರೆ ಕಾಣುವುದಿದ್ದರೆ ಗೂಡಿನಲ್ಲಿ ನಿಂತದ್ದೇ ಕಾಣಬೇಕು.

ಅವತ್ತಿನಿಂದ ರೂಸ್ಕಾಳಿಗೆ ನೆಮ್ಮದಿ ಅನ್ನುವುದು ದೂರವಾಯಿತು. ಕುರ್ಚಿಯನ್ನು ಅಡುಗೆಮನೆಗೆ ಸಾಗಿಸುತ್ತೇನೆಂದಳು, ಅವನು ಒಪ್ಪಲಿಲ್ಲ. ಮರುದಿನವೇ ಮನೆಯ ಕಂಬಳಿ, ರತ್ನಗಂಬಳಿಗಳನ್ನೆಲ್ಲ ಹೊರಗೆಳೆದು ಕಿಟಕಿಯ ಮುಂದಿನ ತಂತಿಗೆ ನೇತುಹಾಕಿದಳು. ಕೋಣೆ ಕತ್ತಲಾಯಿತು.

"ಲೇ, ನಾನಿನ್ನೂ ಸತ್ತಿಲ್ಲ ಕಣೇ!" ಎಂದು ಒಳಗಿಂದ ಕೂಗಿದ.

"ಕಂಬಳಿಗೆ ಬಿಸಿಲು ಬೇಕು!"

ಎದುರುಮನೆಯ ಯೊವ್ಕಾ ಇಂಥದ್ದಕ್ಕೆ ಬಾಯಿ ಮುಚ್ಚಿಕೊಂಡಿರುವವಳಲ್ಲ. ಬೇಲಿಗೆ ಮೊಣಕೈ ಊರಿ, "ರೂಸ್ಕಕ್ಕ, ಮೋಡ ಮುಚ್ಕೊಂಡಿದೆ, ಯಾವ ಬಿಸಿಲಿಗೆ ಹಾಕಿದೀಯ? ಗಾಂಚಣ್ಣನ್ನ ಕಂಬಳಿ ಹಿಂದೆ ಬಚ್ಚಿಟ್ಟಿದೀಯೋ ಹೇಗೆ? ಯಾರೂ ಕದ್ದೊಯ್ಯಲ್ಲ ಬಿಡು, ಹೊರೋಕೆ ಭಾರ," ಅಂದಳು.

"ನಿನ್ನ ಕೋಳಿ ನನ್ನ ಈರುಳ್ಳಿ ಪಾತಿ ಕೆದಕ್ತಿದೆ, ಮೊದಲು ಅದನ್ನ ನೋಡ್ಕೊ," ಎಂದು ರೂಸ್ಕಾ ಸಿಡುಕಿದಳು. ಕೋಳಿ ಪಾಪ ತನ್ನ ಗೂಡಿನಲ್ಲೇ ಇತ್ತು.

ಕಂಬಳಿಯಿಂದಲೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ತಾನೇ ಅವನ ಕೈಗೆ ಕಟ್ಟಿದ ಆ ಒಂಟಿ ಕಾಲು ಕಣ್ಣಿಗೆ ಚುಚ್ಚುತ್ತಿತ್ತು. ನಾನೇ ಕಟ್ಟಿ ಕೂರಿಸಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಪಟ್ಟಿ ಬಿಚ್ಚುವಂತಿಲ್ಲ. ಆದರೆ ಬಿಚ್ಚದೆ ಹೆಣೆಯಬಾರದೆಂದು ಯಾರೂ ಹೇಳಿಲ್ಲವಲ್ಲ? ಒಂದು ಮಧ್ಯಾಹ್ನ ಗಾಂಚೊ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದಾಗ ಅವನ ಮೇಲೆ ಬಾಗಿ ನಿಂತು, ಮಣಿಕಟ್ಟಿನ ಮೇಲೇ ಕೊಕ್ಕರೆಯ ಕಾಲಿನ ಗಂಟು ಬಿಡಿಸಿದಳು. ಕೆಂಪು ಎಳೆ ಸರಸರನೆ ಬಿಚ್ಚಿಕೊಂಡಿತು. ಮೈಯ ಎರಡು ಬದಿಯಲ್ಲಿ ಬಿಳಿ ದಾರ ಸಿಕ್ಕಿಸಿ, ಕುಣಿಕೆ ಮೇಲೆ ಕುಣಿಕೆ ಎಳೆದು ರೆಕ್ಕೆ ಎಬ್ಬಿಸಿದಳು. ಅಂಚಿಗೆ ಬಂದಾಗ ಕೈ ತಡೆಯಿತು. ಕಪ್ಪು ಇರಬೇಕಾದ ಜಾಗ. ಕಪ್ಪು ದಾರದ ಉಂಡೆ ಪೆಟ್ಟಿಗೆಯಲ್ಲಿತ್ತು, ಮುಟ್ಟಲಿಲ್ಲ. ಕೆಂಪು ಅಂಚು ಕಟ್ಟಿ ಮುಗಿಸಿದಳು. ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡಿತ್ತು, ಆದರೂ ಪಕ್ಕದ ಸ್ಟೂಲನ್ನು ಎಳೆದುಕೊಳ್ಳುವುದು ಹೊಳೆಯಲೇ ಇಲ್ಲ.

"ಇದು ಹೆಬ್ಬಾತು," ಅಂದ ಗಾಂಚೊ. ಗೊರಕೆ ಯಾವಾಗಲೋ ನಿಂತಿತ್ತು, ಆಕೆ ಗಮನಿಸಿರಲಿಲ್ಲ.

"ಕೊಕ್ಕರೆ!"

"ಕಪ್ಪು ಗರಿ ಇಲ್ದಿದ್ರೆ ಹೆಬ್ಬಾತೇ. ಕಂಬದ ಮೇಲೆ ಮೂಗಿನ ಹತ್ರ ನೋಡಿದವನು ನಾನು. ಹಾಕು, ಎರಡು ಎಳೆ ಕಪ್ಪು ಹಾಕು."

"ಬಾಯಿ ಮುಚ್ಚಯ್ಯ! ನಿನ್ನ ಕೈಗೆ ಕಪ್ಪು ದಾರ ಹಾಕೋದಕ್ಕೆ ಮುಂಚೆ ನನ್ನ ಕೈ ಬಿದ್ದು ಹೋಗ್ಲಿ."

ಗಾಂಚೊ ಮತ್ತೆ ಕಣ್ಣು ಮುಚ್ಚಿಕೊಂಡ.

ಮಾರ್ಚ್ ತಿಂಗಳು ಎಂದಿನಂತೆ ಮುಂಗೋಪಿ ಅಜ್ಜಿಯ ವೇಷ ಹಾಕಿತು, ಬೆಳಿಗ್ಗೆ ಬಿಸಿಲು, ಸಂಜೆಗೆ ಹಿಮದ ಹುಡಿ. ಕೊನೆಗೊಂದು ದಿನ ಯೊವ್ಕಾ ಬೀದಿಯ ತುದಿಯಿಂದಲೇ ಕೂಗುತ್ತ ಬಂದಳು. "ಬಂದ್ವು, ಬಂದ್ವು! ನದಿ ಪಕ್ಕದ ಭತ್ತದ ಗದ್ದೆ ಮೇಲೆ ಸುತ್ತು ಹೊಡೀತಿದಾವೆ! ನನ್ನ ಮಾರ್ತೆನಿತ್ಸ ಆಗ್ಲೇ ಪ್ಲಮ್ ಮರಕ್ಕೆ ಕಟ್ಟಾಯ್ತು!"

ರೂಸ್ಕಾ ಲೆಕ್ಕ ಹಾಕಿದಳು. ಇಂದೋ ನಾಳೆಯೋ ಕಂಬದ ಗೂಡಿನ ಯಜಮಾನನೂ ಬರುತ್ತಾನೆ. ಬರುವಾಗ ಹಾರಿಕೊಂಡೇ ಬರಬೇಕಲ್ಲ! ಆ ಗಳಿಗೆಗೆ ಸರಿಯಾಗಿ ಕಂಬಳಿ ಸರಿಸಿ ತೋರಿಸಿಬಿಟ್ಟರೆ ಸಾಕು. ಬೀದಿಯ ಮಧ್ಯೆ ನಿಂತು ಆಕಾಶ ಕಾಯತೊಡಗಿದಳು. ಕೈಯಲ್ಲಿ ಕಡ್ಡಿ ಆಡುತ್ತಿತ್ತು, ಏನು ಹೆಣೆಯುತ್ತಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ. ಕುತ್ತಿಗೆ ಹಿಡಿದುಕೊಂಡಿತು. ಒಂದು ಕಾಗೆ ಹೋಯಿತು, ಎದೆ ಹಾರಿತು. ಒಂದು ಪಾರಿವಾಳ ಹೋಯಿತು, ಅದಕ್ಕೂ ಹಾರಿತು. ಅಕ್ರೋಟಿನ ಮರ ಸುತ್ತಿ ಗೇಟಿಗೆ, ಗೇಟಿನಿಂದ ಕಂಬಕ್ಕೆ, ಹೀಗೆಯೇ ಮಧ್ಯಾಹ್ನ ಕಳೆಯಿತು. ಒಲೆಯ ಮೇಲೆ ಬೀನ್ಸ್ ಕಾಳಿನ ಸಾರು ಇಟ್ಟಿದ್ದು ನೆನಪಾಗಿ, ಒಂದು ಸಲ ಕೈಯಾಡಿಸಿ ಬರೋಣವೆಂದು ಒಳಗೆ ಓಡಿದಳು. ಪುದೀನ ಹಾಕಿ ಸೌಟು ತಿರುಗಿಸಿದ್ದಷ್ಟೇ.

ಕಟಕಟಕಟ ಎಂದು ಕೊಕ್ಕು ಬಡಿದ ಸದ್ದು. ಕಂಬದ ತುದಿಯಿಂದ.

ಸೌಟು ಅಲ್ಲೇ ಬಿಟ್ಟು ಕೋಣೆಗೆ ನುಗ್ಗಿ, ಕಿಟಕಿಗೆ ಬೆನ್ನು ಕೊಟ್ಟು ಎರಡು ಕೈ ಚಾಚಿ ನಿಂತಳು. ಹೊರಗೆ ಕಂಬಳಿ ಇದೆ ಎಂಬುದೂ ಮರೆತುಹೋಗಿತ್ತು.

"ಬಂತು," ಅಂದ ಗಾಂಚೊ. ಮುಖ ಅರಳಿತ್ತು. "ಕಂಬಳಿ ಸರಿಸೇ."

"ಸರಿಸಲ್ಲ."

"ನಾನು ಹಾಕಿದ ಬುಟ್ಟಿ, ನಾನು ನೋಡ್ಬಾರ್ದಾ?"

"ನಿಂತಿರುತ್ತೆ ಈಗ. ನೋಡ್ಬೇಡ. ಅದು ಗದ್ದೆಗೆ ಹಾರಿ ಹೋಗೋವಾಗ ನಾನೇ ಹೇಳ್ತೀನಿ, ಆಗ ನೋಡು."

"ಅದು ಹಾರೋವರೆಗೂ ಹೀಗೇ ಶಿಲುಬೆ ಥರ ನಿಂತಿರ್ತೀಯ?"

"ನಿಂತಿರ್ತೀನಿ! ಇನ್ನೇನು ಮಾಡ್ಲಿ? ನೀನು ನಡೆಯಲ್ಲ ಅಂತೀಯ. ನಿನ್ನ ಬಾಯಿಂದ ಬಂದದ್ದು ವಾಪಸ್ ಹೋಗಲ್ಲ ಅಂತ ನನಗೆ ಗೊತ್ತಿಲ್ವಾ? ಇಡೀ ಚಳಿಗಾಲ ನಿನ್ನ ಕಾಲೂ ನಾನೇ, ನನ್ನ ಕಾಲೂ ನಾನೇ. ನನಗೆ ಸುಸ್ತಾಗಿದೆ ಗಾಂಚೊ. ನನ್ನ ಕೈಲಿ ಆಗಲ್ಲ ಇನ್ನು."

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಗಿರಣಿಯಲ್ಲಿ ಎರಡು ಪಾಳಿ ಒಟ್ಟಿಗೆ ಮಾಡಿ ಬಂದ ದಿನಗಳಲ್ಲೂ, ತಾಯಿಯ ಶವ ಹೊತ್ತ ದಿನವೂ ಆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಗಾಂಚೊ ಅವಳ ಕಾಲುಗಳನ್ನು ನೋಡಿದ. ಪಾದದ ಗಂಟುಗಳು ಊದಿ ಚಪ್ಪಲಿಯ ಅಂಚು ಮೀರಿದ್ದವು. ಅಷ್ಟು ದಿನ ಕಿಟಕಿಯ ಕಡೆಯೇ ಮುಖ ಮಾಡಿ ಕೂತಿದ್ದವನಿಗೆ ಅದು ಈಗ ಕಂಡಿತು, ಕಂಡು ನಾಚಿಕೆಯಾಯಿತು.

ಅವನು ವಾಕರ್ ಮೇಲಿನ ಜಾಕೆಟನ್ನು ಎಳೆದು ನೆಲಕ್ಕೆ ಬಿಸಾಕಿದ. ಅದರ ಹಿಡಿ ಹಿಡಿದು, ಹಲ್ಲು ಕಚ್ಚಿ, ಕೆಟ್ಟ ಬೈಗುಳ ಬೈಯುತ್ತ ಎದ್ದ. ರೂಸ್ಕಾ ಹಿಡಿಯಲು ಹೋದಳು.

"ಮುಟ್ಟಬೇಡ. ಬಾಗಿಲು ತೆಗಿ."

ಹೊಸಿಲು ದಾಟಲು ಬಹಳ ಹೊತ್ತು ಹಿಡಿಯಿತು. ಬಿದ್ದ ಜಾಗ ಬಂದಾಗ ನಿಂತ, ಹಣೆಯಲ್ಲಿ ಬೆವರು ಕಿತ್ತುಕೊಂಡಿತ್ತು. ಅದನ್ನೂ ದಾಟಿದ. ಗೇಟಿನ ಬೆಂಚಿನ ಹತ್ತಿರ ಬಂದು ತಲೆಯೆತ್ತಿದ. ಗೂಡಿನಲ್ಲಿ ಕೊಕ್ಕರೆ ಒಂಟಿ ಕಾಲಿನಲ್ಲಿತ್ತು, ರೂಸ್ಕಾ ಮೊದಲು ಹೆಣೆದದ್ದು ಹೇಗಿತ್ತೋ ಹಾಗೆಯೇ.

"ನಿಂತಿದೆ," ಎಂದು ರೂಸ್ಕಾ ಉಸಿರೆಳೆದುಕೊಂಡಳು.

"ನಾನೂ ನಿಂತಿದೀನಲ್ಲ," ಅಂದ ಗಾಂಚೊ. ಏದುಸಿರು ಬರುತ್ತಿತ್ತು. "ಎಲ್ಲಿಂದಲೋ ಸಮುದ್ರ ದಾಟಿ ಬಂದಿದೆ ಪಾಪ, ನಿಂತ್ಕೊಳ್ಳಲಿ ಬಿಡು." ಆಮೇಲೆ ಅವಳ ಕಡೆ ತಿರುಗಿ, "ನೀನೂ ಈ ವರ್ಷ ಮೊದಲು ನೋಡಿದ್ದು ಇದೇ ತಾನೆ?" ಅಂದ.

"ಹೂಂ."

"ಹಾಗಾದ್ರೆ ಕೂತ್ಕೊ. ಶಾಸ್ತ್ರ ಶಾಸ್ತ್ರವೇ."

ಅಷ್ಟರಲ್ಲಿ ಮನೆಯೊಳಗಿಂದ ಸೀದ ವಾಸನೆ ಬಂತು. ರೂಸ್ಕಾ ಓಡಲು ಹೊರಟಳು. ಗಾಂಚೊ ವಾಕರ್ ಅಡ್ಡ ಹಿಡಿದ. "ಕೂತ್ಕೊ ಅಂದೆ. ಸಾರು ನಾನು ನೋಡ್ತೀನಿ."

ಅವನು ಟಕ್ ಟಕ್ ಎಂದು ಒಳಗೆ ಹೋದ. ರೂಸ್ಕಾ ಬೆಂಚಿನ ಅಂಚಿನಲ್ಲಿ ಕೂತಳು. ಕ್ರೋಶಾ ಕಡ್ಡಿ ಅಡುಗೆಮನೆಯಲ್ಲೇ ಉಳಿದಿತ್ತು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಎದುರುಮನೆಯ ಬಾಗಿಲಿಗೆ ಬಂದ ಯೊವ್ಕಾ ಬೆಂಚಿನ ಕಡೆ ನೋಡಿದವಳೇ ಬಣ್ಣಗೆಟ್ಟಳು. ತಲೆವಸ್ತ್ರ ಜಾರಿದ್ದೂ ಅರಿವಿಲ್ಲದೆ ಬೀದಿ ದಾಟಿ ಓಡಿ ಬಂದು ರೂಸ್ಕಾಳ ಎರಡೂ ಕೈ ಹಿಡಿದುಕೊಂಡಳು.

"ಅಯ್ಯೋ ಅಕ್ಕ, ನೀನು ಕೂತಿದೀಯಲ್ಲ! ಯಾವಾಗ ಆಯ್ತು? ಗಾಂಚಣ್ಣ ಕಷ್ಟಪಡಲಿಲ್ಲ ತಾನೆ? ಪಾದ್ರಿಗೆ ಹೇಳಿ ಕಳಿಸಿದ್ರಾ?"

ರೂಸ್ಕಾ ಮನೆಯ ಕಡೆ ಕೈ ತೋರಿಸಿದಳು. ಆಗ ಒಳಗೆ ಪಾತ್ರೆಯೊಂದು ಧಡಾರನೆ ನೆಲಕ್ಕೆ ಬಿತ್ತು, ಅದರ ಹಿಂದೆಯೇ ಗಾಂಚೊನ ದೊಡ್ಡ ದನಿ, ಪಾತ್ರೆಗೆ, ಸಾರಿಗೆ, ಅದನ್ನು ಕಂಡುಹಿಡಿದವನ ಅಜ್ಜಿಗೆ ಸೇರಿಸಿ ಬೈಯುತ್ತಿದ್ದದ್ದು ಬೀದಿಗೆಲ್ಲ ಕೇಳಿಸಿತು.