ಕೇಸರಿಬಾತ್ ಹಂಚಿದ ದಿನ

ರಾಯಪುರಂನಲ್ಲಿ, ಬಂದರಿನ ಗೇಟಿಗೆ ಎದುರಾಗಿ ನಮ್ಮ ತಂದೆಯ ಹೋಟೆಲಿತ್ತು. ಚಿಕ್ಕಮ್ಮ, ಅಂದರೆ ತಂದೆಯ ತಮ್ಮನ ಹೆಂಡತಿ, ಬೆಳಿಗ್ಗೆ ಮಿಂದು, ಹಿತ್ತಾಳೆ ತಟ್ಟೆಯಲ್ಲಿ ಮುಖ ನೋಡಿಕೊಂಡು ಕಾಸಿನಗಲ ಕುಂಕುಮವಿಟ್ಟ ಮೇಲೆಯೇ ರುಬ್ಬುಕಲ್ಲಿಗೆ ಕೂರುತ್ತಿದ್ದಳು. ಚಿಕ್ಕಪ್ಪನನ್ನು ನಾನು ಕಂಡದ್ದೇ ಇಲ್ಲ. ಅವನು ಸರಕು ಹಡಗಿನ ಉಗ್ರಾಣದ ಗುಮಾಸ್ತ. ಯುದ್ಧದ ಎರಡನೆಯ ವರ್ಷ ಅವನ ಹಡಗು ಇಂಗ್ಲೆಂಡಿನ ಬಂದರು ಬಿಟ್ಟದ್ದು ಗೊತ್ತು. ಮುಂದೆ ಎಲ್ಲೂ ಸೇರಲಿಲ್ಲ.

ಕಳಿಸಿದ್ದು ತಂದೆ. ಯುದ್ಧಕ್ಕೆ ಹಿಂದಿನ ವರ್ಷ ಯುರೋಪಿನ ದೊಡ್ಡವರು ಮೇಜಿನ ಸುತ್ತ ಕೂತು, ಪುಟ್ಟ ದೇಶವೊಂದರ ಗಡಿಸೀಮೆಯನ್ನು ಅಲ್ಲಿಯವರನ್ನು ಕೇಳದೆಯೇ ಜರ್ಮನಿಗೆ ಬಿಟ್ಟುಕೊಟ್ಟರು. ಇನ್ನು ಯುದ್ಧವಿಲ್ಲ ಎಂದು ಪೇಪರಿನಲ್ಲಿ ಬಂತು. ಅದುವರೆಗೆ ತಮ್ಮನನ್ನು ತಡೆದಿದ್ದ ತಂದೆ ಅಂದೇ ಹಡಗಿನ ಕೆಲಸಕ್ಕೆ ಒಪ್ಪಿಗೆ ಕೊಟ್ಟು, ಬಂದ ಗಿರಾಕಿಗಳಿಗೆಲ್ಲ ಕೇಸರಿಬಾತ್ ಹಂಚಿದರಂತೆ. ದಿನವೂ ಕಾಫಿಗೆ ಬರುತ್ತಿದ್ದ ಅಯ್ಯಂಗಾರ್ ಮೇಷ್ಟರೊಬ್ಬರು ಮಾತ್ರ ಅದನ್ನು ಮುಟ್ಟಲಿಲ್ಲ.

“ಇದೆಂಥ ಹುಚ್ಚು ಪೈತ್ಯ ಸ್ವಾಮಿ! ಪಕ್ಕದ್ಮನೆ ಹಿತ್ಲು ಕೊಟ್ಬಿಟ್ರೆ ಕಳ್ಳ ನಮ್ಮನೆಗೆ ಬರಲ್ವೋ?”

“ಸಿಹಿ ತಿನ್ನುವಾಗ ಎಂತ ಮಾತು ಮಾರಾಯ್ರೆ!” ಎಂದು ತಂದೆ ನಕ್ಕರಂತೆ.

ಆರು ತಿಂಗಳಲ್ಲಿ ಜರ್ಮನಿ ಆ ದೇಶದ ರಾಜಧಾನಿಗೇ ನುಗ್ಗಿತು. ವರ್ಷ ತುಂಬುವುದರೊಳಗೆ ಯುದ್ಧ.

ನಾಪತ್ತೆಯಾದವನಿಗಾಗಿ ಹನ್ನೆರಡು ವರ್ಷ ಕಾಯುತ್ತಾರೆ. ಆಮೇಲೆ ದರ್ಭೆ, ಮುತ್ತುಗದ ಎಲೆಗಳಿಂದ ಆಕೃತಿ ಮಾಡಿ, ತಲೆಗೆ ತೆಂಗಿನಕಾಯಿ ಇಟ್ಟು ಸುಡುತ್ತಾರೆ. ಆ ಅವಧಿ ಮುಗಿದಾಗ ನನಗೆ ಹತ್ತು ವರ್ಷ. ಪುರೋಹಿತರು ಗೊತ್ತುಮಾಡಿದ ದಿನವನ್ನು ತಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು.

ಚಿಕ್ಕಮ್ಮ ರುಬ್ಬುವುದನ್ನು ನಿಲ್ಲಿಸಲಿಲ್ಲ. “ಅವತ್ತು ಪೇಪರ್ ನಂಬಿ ನೀವು ಕಳ್ಸಿದ್ರಿ ಭಾವ. ಇವತ್ತು ಪಂಚಾಂಗ ನಂಬಿ ನಾನು ಕಳ್ಸ್‌ಬೇಕಾ?”

ದಿನ ಮುಂದೆ ಹೋಯಿತು. ಮತ್ತೊಮ್ಮೆ ಹೋಯಿತು. ಕಾರ್ಯವಾಗದಿದ್ದರೆ ಸತ್ತವನು ಅನ್ನನೀರಿಲ್ಲದೆ ಅಲೆಯುತ್ತಾನೆ ಎಂದು ಪುರೋಹಿತರು ತಂದೆಗೆ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಒಂದು ಬೆಳಿಗ್ಗೆ ಹಿತ್ತಾಳೆ ತಟ್ಟೆ ಕವುಚಿ ಬಿದ್ದಿತ್ತು. ಚಿಕ್ಕಮ್ಮ ಬರಿ ಹಣೆಯಲ್ಲಿ ತಂದೆಯ ಮುಂದೆ ಬಂದು, “ಹಸ್ದಿರ್ತಾರೆ. ಮಾಡಿ ಮುಗ್ಸಿ,” ಎಂದಳು.

ಸ್ಮಶಾನದಲ್ಲಿ ತಂದೆ ಕೂರಿಸಿದ ಕಾಯಿ ಎರಡು ಸಲ ಉರುಳಿತು. ಜೊತೆಗೆ ಬಂದಿದ್ದ ಮೇಷ್ಟರೇ ಎತ್ತಿಕೊಟ್ಟರು.

“ನೀವು ಅವತ್ತೇ ಹೇಳಿದ್ರಿ,” ಎಂದರು ತಂದೆ.

“ಹೇಳಿ ಏನಾಯ್ತು ಸ್ವಾಮಿ. ನಾನೂ ಅವನನ್ನ ತಡೀಲಿಲ್ಲವಲ್ಲ.”

ಹದಿಮೂರನೆಯ ದಿನದ ಊಟಕ್ಕೆ ಸಿಹಿ ಏನೆಂದು ಅಡುಗೆಯವರು ಕೇಳಿದಾಗ, ಚಿಕ್ಕಪ್ಪನಿಗೆ ಇಷ್ಟವಾದದ್ದನ್ನೇ ಚಿಕ್ಕಮ್ಮ ಹೇಳಿದಳು. ತಂದೆಯ ಎಲೆಯಲ್ಲಿ ಕೇಸರಿಬಾತ್ ಹಾಗೇ ಉಳಿಯಿತು.